ಹೊಸ ವರ್ಷದ ವಾಗ್ದಾನ ಮತ್ತು ಹಿರಿಯರ ಮಂಕಿ ಟೋಪಿ

ಹೊಸ ವರ್ಷದ ದಿನ ಬೇರೆಯವರಿಗೆ ಹೊಸದೇನಾದರೂ ಆಗುತ್ತದೋ ಇಲ್ಲವೋ ನಾನು ಕಾಣೆ. ಕಲ್ಕತ್ತೆಯ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಮಾತ್ರ ಅಂದು ಏನಾದರೊಂದು ಆಗಿಯೇ ತೀರುತ್ತದೆ. ನಾವಿರುವುದು ಒಂದು ಹಿಡಿ ಮನೆಗಳು: ರೈಲ್ವೆಯವರು, ಬ್ಯಾಂಕಿನವರು, ನನ್ನ ಹಾಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುರ್ಚಿ ಸವೆಸಿ ಪಿಂಚಣಿಗೆ ಬಂದವರು. ಸ್ವಂತ ಚರ್ಚಿಲ್ಲ. ಪಾರ್ಕ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಬಂಗಾಳಿಗಳ ಚರ್ಚೊಂದಿದೆ. ಬೆಳಗಿನ ಆರಾಧನೆ ಮುಗಿಸಿ ಅವರು ಊಟಕ್ಕೆ ಹೋದ ಮೇಲೆ ಮಧ್ಯಾಹ್ನ ಅದು ನಮ್ಮದು. ನಿವೃತ್ತನಾದ ಮೇಲೆ ನನ್ನನ್ನು ಯುವಜನ ಸಂಘದ ಸಲಹೆಗಾರನನ್ನಾಗಿ ಮಾಡಿದ್ದಾರೆ. ಯಾರೂ ಸಲಹೆ ಕೇಳುವುದಿಲ್ಲ. ಆದರೂ ನನಗೆ ಅಷ್ಟು ಖುಷಿ ಕೊಟ್ಟ ಹುದ್ದೆ ಮತ್ತೊಂದಿಲ್ಲ.

ಹೊಸ ವರ್ಷದ ಆರಾಧನೆ ನಡೆಸುವುದು ಈ ಸಂಘವೇ. ಅದರ ಜೀವಾಳ ವಾಗ್ದಾನದ ಚೀಟಿ. ವೇದವಚನಗಳ ಚೀಟಿಗಳನ್ನು ಸುರುಳಿ ಸುತ್ತಿ ತಟ್ಟೆಯಲ್ಲಿ ತರುತ್ತಾರೆ. ಪ್ರತಿಯೊಬ್ಬರೂ ಒಂದು ಎತ್ತಿ, ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಆ ವರ್ಷಕ್ಕೆ ದೇವರು ಅವರಿಗೆ ಕೊಟ್ಟ ಮಾತು ಅದು. ಹೋದ ವರ್ಷ ಮಕ್ಕಳು ಎಲ್ಲವನ್ನೂ ಇಂಗ್ಲಿಷಿನಲ್ಲಿ ತಂದುಬಿಟ್ಟಿದ್ದರು. ನಮ್ಮ ಸಭೆಯ ಹಿರಿಯರು ಧಾರವಾಡದ ಕಡೆಯವರು, ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಹಸಿರಿಗಿಂತ ಕೆಂಪು ಬಾವುಟವನ್ನೇ ಹೆಚ್ಚು ಬೀಸಿರಬೇಕು ಎಂದು ನನ್ನ ಗುಮಾನಿ. ಅವರು ತಮ್ಮ ಚೀಟಿಯನ್ನು ಹಾಗೇ ತಟ್ಟೆಗೆ ವಾಪಸು ಹಾಕಿದರು.

"ನಮ್ಮವ್ವನ ಜೋಡಿ ದೇವರು ಕನ್ನಡದಾಗ ಮಾತಾಡ್ತಿದ್ದ. ನನ್ನ ಜೋಡಿ ಯಾಕ ಇಂಗ್ಲಿಷ್‌ನ್ಯಾಗ?" ಎಂದು ಕೇಳಿ, ತೀರ್ಪನ್ನೂ ಕೊಟ್ಟರು: "ಮುಂದಿನ ವರ್ಷ ಇನ್ನೊಂದು ತಪ್ಪಾತಂದ್ರ ಈ ಆರಾಧನಿ ನಾವು ಹಿರೇರ ಮಾಡ್ಕೋತೀವಿ. ನೀವು ಕುರ್ಚಿ ಹಾಕಿ ಕೂತ್ಕೊಂಡ್ರ ಸಾಕು."

ಸಂಘದ ಕಾರ್ಯದರ್ಶಿ ಹುಡುಗಿಯ ಮುಖ ಸಣ್ಣದಾಯಿತು. ಇಲ್ಲೇ ಹುಟ್ಟಿ ಬೆಳೆದ ಆ ಮಕ್ಕಳಿಗೆ ಕನ್ನಡದ್ದು ಅಂತ ಇರುವುದು ವರ್ಷದಲ್ಲಿ ಅದೊಂದು ದಿನ. ನನಗೆ ತಡೆಯಲಾಗಲಿಲ್ಲ. "ಜಾಮೀನು ನನ್ನದು" ಎಂದುಬಿಟ್ಟೆ.

ಎರಡು ಬೆಹಾಲಾ

ಆರಾಧನೆಯಾದ ಮೇಲೆ ಕೇಕು, ಚಹಾ. ಕೇಕಿನ ವಿಷಯದಲ್ಲಿ ಹಿರಿಯರದು ಒಂದೇ ಕಾನೂನು: ಮದ್ಯದ ಹನಿ ತಾಗಿರಬಾರದು. "ಮೂಗಿಗೆ ಹಿಡಿದ್ರ ಸಾಕು, ನನಗ ಗೊತ್ತಾಗ್ತದ" ಎನ್ನುತ್ತಾರೆ.

ಇಲ್ಲಿ ಡಿಸೆಂಬರಿನಲ್ಲಿ ಒಂದು ಪದ್ಧತಿಯಿದೆ. ಹಿಟ್ಟು, ಬೆಣ್ಣೆ, ಮೊಟ್ಟೆ, ಒಣಹಣ್ಣು ಎಲ್ಲವನ್ನೂ ಮನೆಯಿಂದ ಹೊತ್ತು ಹಳೆಯ ಬೇಕರಿಗೆ ಹೋಗಬೇಕು. ಅವರು ನಮ್ಮ ಕಣ್ಣೆದುರೇ ಕಲಸಿ, ಡಬ್ಬಿಗೆ ತುಂಬಿ, ನಮ್ಮ ಹೆಸರು ಅಂಟಿಸಿ ಒಲೆಗೆ ತಳ್ಳುತ್ತಾರೆ. ಗೋಡಂಬಿ ಬೇರೆಯವರ ಹಿಟ್ಟಿಗೆ ಹಾರದಂತೆ ಕಾಯುವುದು ಮನೆಯ ಯಜಮಾನನ ಕೆಲಸ. ಈ ಸಲ ಕಾರ್ಯದರ್ಶಿ ಹುಡುಗಿ ಆ ಕೆಲಸವನ್ನು ನನಗೆ ವಹಿಸಿದಳು.

ಬೇಕರಿಯವನಿಗೆ ನನ್ನ ಹೆಸರು ಬಾಯಿಗೆ ಹತ್ತಲಿಲ್ಲ. ಎಲ್ಲಿಂದ ಬಂದಿರಿ ಎಂದು ಕೇಳಿ, ಡಬ್ಬಿಯ ಮೇಲೆ ನಮ್ಮ ಬಡಾವಣೆಯ ಹೆಸರು 'ಬೆಹಾಲಾ' ಎಂದು ಬರೆದ. ನನಗೂ ಅನುಕೂಲವೇ ಅನ್ನಿಸಿತು. ಪಕ್ಕದಲ್ಲೊಬ್ಬ ವೃದ್ಧ ಬಂಗಾಳಿ ಮಹಾಶಯರು ಕಾಯುತ್ತಿದ್ದರು. ನನಗೋ ಮಾತು ಬೇಕು, ಅವರಿಗೂ ಬೇಕಿತ್ತು. ಮೀನಿನ ಬೆಲೆಯಿಂದ ಹಿಡಿದು ಮೆಟ್ರೋವರೆಗೆ ಎಲ್ಲ ಆಯಿತು. "ಬೆಹಾಲಾ" ಎಂದು ಕೂಗಿದಾಗ ಡಬ್ಬಿ ಎತ್ತಿಕೊಂಡು ಬಂದೆ. ಆ ಮಹಾಶಯರ ಮನೆ ಎಲ್ಲಿ ಎಂಬುದೊಂದನ್ನು ಬಿಟ್ಟು ಅವರ ಬಗ್ಗೆ ನನಗೆ ಎಲ್ಲವೂ ತಿಳಿದಿತ್ತು.

ಮನೆಯಲ್ಲಿ ಮುಚ್ಚಳ ತೆಗೆದ ನನ್ನ ಹೆಂಡತಿ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. "ಇದು ನಮ್ಮದಲ್ಲ. ಇದನ್ನ ರಮ್ಮಿನಲ್ಲಿ ಸ್ನಾನ ಮಾಡಿಸಿದ್ದಾರೆ."

ಬೇಕರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಮರುದಿನವೇ ಹೊಸ ವರ್ಷ, ಬೇರೆ ಕೇಕಿಗೆ ಹೊತ್ತಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕುಳಿತರೆ, ಅವಳು ಇನ್ನೊಂದು ಯೋಚನೆಯಲ್ಲಿದ್ದಳು.

"ಪಾಪ ರೀ, ಆ ಅಜ್ಜನೂ ಬೆಹಾಲಾದವರೇ ಇರಬೇಕು. ನಮ್ಮ ಕೇಕಿನ ಒಂದೊಂದೇ ಚೂರು ಬಾಯಿಗೆ ಹಾಕಿಕೊಂಡು ಇನ್ನೂ ರಮ್ಮು ಹುಡುಕ್ತಾ ಇರ್ತಾರೆ."

ಕಾಳಿಘಾಟಿನಲ್ಲಿ ಕತ್ತೆ

ಜನವರಿ ಒಂದರಂದು ಹೆಂಡತಿ ಮೊದಲೇ ಹೋಗಿ ಚಹಾದ ವ್ಯವಸ್ಥೆ ನೋಡುತ್ತಿದ್ದಳು. ನಾನೂ ಕಾರ್ಯದರ್ಶಿ ಹುಡುಗಿಯೂ ಟ್ಯಾಕ್ಸಿ ಹಿಡಿದೆವು. ನನ್ನ ತೊಡೆಯ ಮೇಲೆ ಅಪರಾಧಿ ಕೇಕು. ಅವಳ ತೊಡೆಯ ಮೇಲೆ ಕೆಂಪು ಬಟ್ಟೆ ಮುಚ್ಚಿದ ವಾಗ್ದಾನದ ತಟ್ಟೆ. ನಾನು ಅವಳಿಗೆ ಧೈರ್ಯ ಹೇಳುತ್ತಾ ಹೇಳುತ್ತಾ ರಸ್ತೆ ನೋಡಲಿಲ್ಲ. ಕಿಟಕಿಯಿಂದ ಯಾರೋ ದಾಸವಾಳದ ಹಾರ ಒಳಗೆ ಚಾಚಿದಾಗಲೇ ತಲೆ ಎತ್ತಿದ್ದು. ಮುಂದೆ ಜನಸಾಗರ, ಹಿಂದೆ ಗಾಡಿಗಳ ಸಾಲು. ಕಾಳಿಘಾಟ್, ಕಾಳಿಮಾತೆಯ ಗುಡಿಯ ಬೀದಿ.

"ಪಾರ್ಕ್ ಸ್ಟ್ರೀಟ್ ಅಂತ ಹತ್ತುವಾಗಲೇ ಹೇಳಿದೆನಲ್ಲಪ್ಪ" ಎಂದೆ ಹಿಂದಿಯಲ್ಲಿ.

"ಹೇಳಿದಿರಿ ದಾದಾ" ಎಂದ ಚಾಲಕ. "ವರ್ಷದ ಮೊದಲ ದಿನ, ಹೊಸ ಬಟ್ಟೆ, ಕೆಂಪು ಬಟ್ಟೆಯ ತಟ್ಟೆ. ಮೊದಲು ತಾಯಿಯ ದರ್ಶನ, ಪಾರ್ಕ್ ಸ್ಟ್ರೀಟ್ ಆಮೇಲೆ ಊಟಕ್ಕೆ ಅಂದುಕೊಂಡೆ."

ಅವನ ತಪ್ಪೇನೂ ಇಲ್ಲ. ಗಾಡಿ ಅಲ್ಲಾಡುವಂತಿರಲಿಲ್ಲ. ಹೊತ್ತು ಕಳೆಯಲೆಂದು ಒಂದು ಚೀಟಿಯ ದಾರ ಬಿಚ್ಚಿ ಓದಿದೆ. ಯಾವನೋ ಒಬ್ಬ ಬೆಳಿಗ್ಗೆ ಎದ್ದು, ಕತ್ತೆಗೆ ತಡಿ ಹಾಕಿಸಿ, ಹೊರಟುಹೋದ ಎಂಬ ವಚನ. ಇನ್ನೊಂದು ಬಿಚ್ಚಿದೆ. ಮನೆಯ ಗೋಡೆಯಲ್ಲಿ ಹಸಿರು ಮಚ್ಚೆ ಕಂಡರೆ ಆ ಕಲ್ಲುಗಳನ್ನು ಕಿತ್ತು ಊರ ಹೊರಗೆ ಬಿಸಾಡಬೇಕು ಎಂಬ ವಿಧಿ. ಮೂರನೆಯದನ್ನೂ ಬಿಚ್ಚಿದೆ. ಅರಸನೊಬ್ಬ ಮುದುಕನಾದ, ಎಷ್ಟು ಹೊದಿಸಿದರೂ ಅವನ ಮೈ ಬೆಚ್ಚಗಾಗಲಿಲ್ಲ ಎಂಬ ಸಂಗತಿ.

"ಮಗಳೇ, ಇವನ್ನ ಆರಿಸಿದ್ದು ಯಾರು?"

"ಫೋನ್, ಅಂಕಲ್. ನಮಗೆ ಕನ್ನಡ ಓದಕ್ಕೆ ಬರಲ್ವಲ್ಲ. ಬೈಬಲ್ ಆ್ಯಪಲ್ಲಿ ಸುಮ್ನೆ ಒತ್ತೋದು, ಯಾವ್ದು ಬರುತ್ತೋ ಕಾಪಿ ಮಾಡೋದು. ವೀಕ್ ಪೂರ್ತಿ ಕೂತು ಮಾಡಿದ್ವಿ. ಯಾಕೆ, ಚೆನ್ನಾಗಿಲ್ವಾ?"

ಅರ್ಥ ಹೇಳಿದೆ. ಈ ಮೂರನ್ನು ಜೇಬಿಗೆ ಹಾಕಿಕೊಳ್ಳೋಣವೆಂದರೆ ಚೀಟಿ ಇರುವುದು ತಲೆಗೊಂದರಂತೆ ಅಷ್ಟೇ. ಮೂವರಿಗೆ ದೇವರು ಏನೂ ಹೇಳಲಿಲ್ಲ ಎಂದಾದರೆ ಅದೂ ತಪ್ಪೇ. ಮತ್ತೆ ಸುತ್ತಿ ಇಟ್ಟೆ. ಉಳಿದವನ್ನು ನೋಡುವ ಧೈರ್ಯ ಬರಲಿಲ್ಲ.

ಅವಳು ಮೆಲ್ಲಗೆ ಕೇಳಿದಳು. "ಅಂಕಲ್, ಎಲ್ಲಾನೂ ದೇವರ ವಾಕ್ಯಾನೇ ಅಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ದಾಸವಾಳ ಮಾರುವವನೇ ಉತ್ತರಿಸಿದ. "ತಗೊಳ್ಳಿ ದಾದಾ, ಒಳ್ಳೆಯದಾಗುತ್ತದೆ."

ತಟ್ಟೆ ಹೊರಟಿತು

ಹಾಡು, ಪ್ರಾರ್ಥನೆ ಎಲ್ಲ ಚೆನ್ನಾಗಿಯೇ ಆಯಿತು. ನನಗೆ ಒಂದೂ ಕೇಳಿಸಲಿಲ್ಲ. ಮೊದಲ ಸಾಲಿನಲ್ಲಿ ಹಿರಿಯರು ಕುಳಿತಿದ್ದರು. ಕಲ್ಕತ್ತೆಯ ಜನವರಿ ಮಧ್ಯಾಹ್ನ ನಾವೆಲ್ಲ ಬರೀ ಅಂಗಿಯಲ್ಲಿದ್ದರೆ, ಅವರು ಸ್ವೆಟರ್, ಅದರ ಮೇಲೆ ಕೋಟು, ಕೊರಳಿಗೆ ಮಫ್ಲರ್, ತಲೆಗೆ ಮಂಕಿ ಟೋಪಿ. ಕಾಣುತ್ತಿದ್ದುದು ಕಣ್ಣು ಮತ್ತು ಕೆಂಪಗಾದ ಮೂಗು. ಮೂರನೆಯ ಚೀಟಿ ಅವರ ಕೈಗೆ ಮಾತ್ರ ಹೋಗದಿರಲಿ ಎಂದು ಬೇಡಿಕೊಂಡೆ.

ತಟ್ಟೆ ಹಿಂದಿನ ಸಾಲಿನಿಂದ ಹೊರಟಿತು. ಕನ್ನಡ ಓದಲು ಬಾರದ ಮಕ್ಕಳ ಚೀಟಿಯನ್ನು ತಾಯಂದಿರು ಓದಬೇಕೆಂದಾಗಿತ್ತು. ಹಿರಿಯರದು ಕೊನೆಗೆ.

ಮೊದಲು ಎದ್ದವರು ಬ್ಯಾಂಕಿನ ಮ್ಯಾನೇಜರು. ಹುಬ್ಬಳ್ಳಿಗೆ ವರ್ಗ ಕೇಳಿ ಕೇಳಿ ಸೋತವರು. ಕತ್ತೆಯ ಚೀಟಿ ಅವರಿಗೇ ಹೋಗಬೇಕೆ? ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಬೆಳಿಗ್ಗೆ ಎದ್ದು ಹೊರಟ ಅಂತ ಇದೆ" ಎಂದರು ಗದ್ಗದಿತರಾಗಿ. "ಈ ವರ್ಷ ಆರ್ಡರ್ ಬಂತು ಅಂತಲೇ ತಿಳೀರಿ."

ಪಕ್ಕದಲ್ಲಿದ್ದ ಅವರ ಹೆಂಡತಿ, "ಸಾಮಾನಿಗೆ ಲಾರಿ ಸಿಗಲ್ಲ ಅಂತಾನೂ ಇದೆ" ಎಂದರು.

ಗೋಡೆಯ ಚೀಟಿ ಎತ್ತಿದ್ದು ಬಾಡಿಗೆ ಫ್ಲ್ಯಾಟಿನಲ್ಲಿರುವ ಪ್ರೊಫೆಸರರ ಪತ್ನಿ. ಓದಿ ಮುಗಿಸಿ ಗಂಡನ ಕಡೆ ತಿರುಗಿದರು. "ಮಲಗೋ ಕೋಣೆಯ ಪಾಚಿ ಬಗ್ಗೆ ನಾನು ಹೇಳಿದಾಗ ಕೇಳಲಿಲ್ಲ. ಈಗ ಯಾರು ಹೇಳ್ತಿದ್ದಾರೆ ನೋಡಿ."

ಪ್ರೊಫೆಸರು ತಲೆ ತಗ್ಗಿಸಿದರು. ಸಭೆಯಲ್ಲಿ ಸಣ್ಣ ನಗು. ಹುಡುಗಿ ನನ್ನ ಕಡೆ ನೋಡಿದಳು. ಮೂರನೆಯದು ಇನ್ನೂ ಬಂದಿರಲಿಲ್ಲ. ಸಾಲು ಮುಗಿಯುತ್ತಾ ಬಂತು, ಬರಲಿಲ್ಲ. ನನ್ನ ಸರದಿಯಲ್ಲಿ ಅದೇ ಸಿಗಲಿ ಎಂದು ತಡಕಾಡಿ ಎತ್ತಿದೆ. ನನಗೆ ಬಂದದ್ದು ದೇವಗುಡಾರದ ಪರದೆಯೊಂದರ ಉದ್ದಗಲ ಹೇಳುವ ವಚನ. ತಟ್ಟೆಯಲ್ಲಿ ಒಂದೇ ಒಂದು ಸುರುಳಿ ಉಳಿದಿತ್ತು.

ಹಿರಿಯರ ಚಳಿ

ಹಿರಿಯರು ಎದ್ದರು. ಕೈಗವಸು ಕಳಚಿ, ದಾರ ಬಿಚ್ಚಿ, ಗಾರ್ಡಿನ ಗಂಟಲಲ್ಲಿ ಓದಿದರು. ಅರಸನು ಮುದುಕನಾದನು. ಎಷ್ಟು ಹೊದಿಸಿದರೂ ಬೆಚ್ಚಗಾಗಲಿಲ್ಲ.

ಎಲ್ಲರ ಕಣ್ಣೂ ಮಂಕಿ ಟೋಪಿಯ ಮೇಲೆ. ಹುಡುಗಿ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಆಗಿದ್ದಾಗಲಿ ಎಂದು ನಾನು ತಪ್ಪೊಪ್ಪಿಕೊಳ್ಳಲು ಎದ್ದೆ.

"ನೀವು ಕೂಡ್ರಿ" ಎಂದರು ಹಿರಿಯರು. ಆಮೇಲೆ ತಮ್ಮ ಹೆಂಡತಿಯತ್ತ ತಿರುಗಿದರು. "ಕೇಳಿದೇನ? ಕಲ್ಕತ್ತಾದಾಗ ಎಲ್ಲಿ ಥಂಡಿ, ಎಲ್ಲಾ ನಿಮ್ಮ ಮನಸಿನಾಗ ಅಂತಿದ್ದಿ. ಅರಸಗೂ ಆಗಿತ್ತು."

"ಆತು ಬಿಡ್ರಿ" ಎಂದರು ಆ ಅಮ್ಮ. "ಅರಸ ಅನ್ನೋದೊಂದು ಸಿಕ್ತಲ್ಲ, ಇನ್ನ ಮನ್ಯಾಗ ನಮಗ ಉಳಿಗಾಲಿಲ್ಲ."

ಹಿರಿಯರು ಚೀಟಿಯನ್ನು ಜೋಪಾನವಾಗಿ ಎದೆಯ ಜೇಬಿನಲ್ಲಿಟ್ಟರು. "ಇಷ್ಟು ವರ್ಷ ಏನೇನೋ ಚಲೋ ಚಲೋ ಮಾತು ಬಂದವು. ನನಗಽ ಅಂತ ಬರೆದದ್ದು ಇದೊಂದ."

ನಿಟ್ಟುಸಿರು ಬಿಡುವಷ್ಟರಲ್ಲಿ ಕೇಕು ಬಂತು. ನನ್ನ ಹೆಂಡತಿ ಅವರಿಗೆಂದು ತೀರ ತೆಳುವಾದ ಚೂರು ಕತ್ತರಿಸಿದ್ದಳು. ಹಿರಿಯರು ಮೂಗಿನ ಹತ್ತಿರ ಹಿಡಿದರು. ನೆಗಡಿಯಿಂದ ಮೂಗು ಪೂರ್ತಿ ಕಟ್ಟಿತ್ತು. ಬಾಯಿಗೆ ಹಾಕಿಕೊಂಡರು. ಇನ್ನೊಂದು ಕೇಳಿದರು. ಎರಡನೆಯದಕ್ಕೆ ಮಫ್ಲರ್ ಸಡಿಲವಾಯಿತು. ಮೂರನೆಯದಕ್ಕೆ ಮಂಕಿ ಟೋಪಿ ತೊಡೆಯ ಮೇಲಿತ್ತು. ಅವರ ತಲೆಯನ್ನು ಜನವರಿಯಲ್ಲಿ ನಾವು ಮೊದಲ ಸಲ ನೋಡಿದ್ದು. ಆಮೇಲೆ ಕೋಟು, ಅದರ ಮೇಲೆ ಸ್ವೆಟರು ಮಡಿಚಿಟ್ಟಾಯಿತು. ಬರೀ ಅಂಗಿಯಲ್ಲಿ, ತೋಳು ಮಡಚಿಕೊಂಡು ನಿಂತ ಹಿರಿಯರು ಹುಡುಗಿಯನ್ನು ಕರೆದರು.

"ಮುಂದಿನ ವರ್ಷನೂ ಆರಾಧನಿ ನಿಮ್ಮದಽ" ಎಂದರು. ಅವಳು ನನ್ನ ಕೈ ಹಿಡಿದುಕೊಂಡಳು. "ಆದ್ರ ಒಂದು ಷರತ್ತು."

ಹಿರಿಯರು ಕೇಕಿನ ಖಾಲಿ ತಟ್ಟೆಯನ್ನು ನನ್ನತ್ತ ಚಾಚಿದರು.

"ಚೀಟಿ ಯಾವ ಭಾಷಾದಾಗ ಬೇಕಾದ್ರೂ ಬರೀರಿ. ಬೇಕರಿ ಮಾತ್ರ ಬದಲಿ ಮಾಡಬ್ಯಾಡ್ರಿ."