ಒಪ್ಪಿಗೆ ಕೇಳುವ ಭಾವ

ನನ್ನ ಭಾವನಷ್ಟು ನಂಬಿಕಸ್ಥ ಮನುಷ್ಯ ಇಡೀ ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅಷ್ಟು ನಂಬಿಕಸ್ಥರ ಜತೆ ಸಂಸಾರ ಮಾಡುವುದು ಎಂಥ ಶಿಕ್ಷೆ ಅಂತ ನನ್ನ ಅಕ್ಕನನ್ನು ಕೇಳಿ! ಆದರೆ ಅಕ್ಕನ ಹೆಸರನ್ನು ಭಾವನ ಹತ್ತಿರ ಮಾತ್ರ ಕೇಳಬೇಡಿ. ಹೇಳುವುದಿಲ್ಲ. ಹಿಂದಿನ ಕಾಲದ ಗಂಡಂದಿರ ಹಾಗೆ ನಾಚಿಕೆ ಅಂದುಕೊಂಡಿರಾ? ಛೆ! ಹೆಸರು ಅಂದರೆ ವೈಯಕ್ತಿಕ ಮಾಹಿತಿಯಂತೆ. ಅಕ್ಕನ ಲಿಖಿತ ಒಪ್ಪಿಗೆ ಬೇಕಂತೆ.

ಇದು ಹುಟ್ಟುಗುಣ ಅಲ್ಲ, ಕೆಲಸದಿಂದ ಹತ್ತಿದ ಕಾಯಿಲೆ. ಬ್ರಹ್ಮಾವರದ ಹತ್ತಿರ ಒಂದು ಸಂಶೋಧನಾ ಕೇಂದ್ರವಿದೆ. ಕೈಕಾಲಿನ ಸ್ನಾಯುಗಳು ನಿಧಾನಕ್ಕೆ ಸೋತುಹೋಗುವ ಒಂದು ಅಪರೂಪದ ರೋಗದ ಬಗ್ಗೆ ಅಲ್ಲಿ ಅಧ್ಯಯನ ನಡೆಯುತ್ತದೆ. ಇಂಥ ರೋಗಿಗಳು ಇಲ್ಲೊಬ್ಬರು ಅಲ್ಲೊಬ್ಬರು. ಒಂದೇ ದೇಶದವರನ್ನು ನೋಡಿದರೆ ರೋಗ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ. ಅದಕ್ಕೇ ನಮ್ಮವರು, ಡೆನ್ಮಾರ್ಕಿನವರು, ಜಪಾನಿನವರು ತಂತಮ್ಮ ರೋಗಿಗಳ ಪರೀಕ್ಷೆಯ ವಿವರಗಳನ್ನು ಒಟ್ಟು ಸೇರಿಸಿ ನೋಡುತ್ತಾರೆ. ಆ ವಿವರಗಳನ್ನು ಜೋಪಾನ ಮಾಡುವುದು, ಹೆಸರು ಅಳಿಸಿ ಸಂಕೇತ ಹಾಕುವುದು, ಕೊಟ್ಟವರು ಒಪ್ಪಿದ್ದನ್ನಷ್ಟೇ ಹೊರದೇಶಕ್ಕೆ ಕಳಿಸುವುದು, ಇದು ಭಾವನ ಉದ್ಯೋಗ. ಬಹಳ ಒಳ್ಳೆಯ ಕೆಲಸ. ಕಷ್ಟ ಏನೆಂದರೆ, ಸಂಜೆ ಬಸ್ಸು ಹತ್ತಿ ಕೋಟದ ಮನೆಗೆ ಬರುವಾಗ ಕೆಲಸವೂ ಅವರ ಪಕ್ಕದ ಸೀಟಿನಲ್ಲಿ ಕೂತು ಬರುತ್ತದೆ!

ಒಂದು ಸಂಜೆ ಭಾವ ಚಪ್ಪಲಿ ಬಿಡುತ್ತಾ ಗಂಭೀರವಾಗಿ ಹೇಳಿದರು: "ಬಸ್ರೂರಲ್ಲಿ ಒಬ್ರ್ ತೀರಿಕೊಂಡ್ರ್."

"ಅಯ್ಯೋ ದೇವ್ರೆ! ಯಾರ್?" ಅಂದಳು ಅಕ್ಕ.

"ಗಂಡ್ಸ್. ಅರವತ್ತು ದಾಟಿದವ್ರ್. ಸಕ್ಕರೆ ಕಾಯಿಲೆ ಇತ್ತ್."

"ಹೆಸ್ರ್ ಹೇಳಿ ಮಾರಾಯ್ರೆ!"

"ಹ್ಯಾಂಗ್ ಹೇಳುದ್? ಅವ್ರ ಒಪ್ಗಿ ಇಲ್ಲ."

"ಸತ್ತವ್ರ ಹತ್ರ ಒಪ್ಗಿ ಹ್ಯಾಂಗ್ ಕೇಂತ್ರಿ?"

"ಅದೇ ಅಲ್ದಾ ಸಮಸ್ಯೆ!" ಅಂದರು ಭಾವ, ಕಾಲು ತೊಳೆಯಲು ಹೋದರು.

ಬಸ್ರೂರಿನಲ್ಲಿ ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಗಂಡಸರಿಗೆ ಬರವೇ? ಅಕ್ಕ ತಲೆ ಓಡಿಸಿ, ಇದು ದಿನಸಿ ಅಂಗಡಿಯ ನಮ್ಮ ದೂರದ ಸಂಬಂಧಿಯೇ ಇರಬೇಕು ಅಂತ ತೀರ್ಮಾನಿಸಿದಳು. ನನ್ನನ್ನೂ ಎಳೆದುಕೊಂಡು ಹೊರಟಳು. ಆ ಮನೆಯ ಅಂಗಳ ಮುಟ್ಟುವಾಗಲೇ ಅಕ್ಕನ ಸೆರಗು ಕಣ್ಣಿಗೆ ಬಂದಿತ್ತು, ಗಂಟಲಿನಿಂದ ಅಳು ಹೊರಟಿತ್ತು. ಬಾಗಿಲು ತೆಗೆದದ್ದು ಯಾರು? ಮೃತರೇ! ಕೈಯಲ್ಲಿ ಹಲಸಿನ ಹಪ್ಪಳ. "ಹ್ವಾಯ್, ಎಂತ ಆಯ್ತೇ? ಯಾರ್ ಹೋದ್ರ್?" ಅಂತ ಅವರೇ ಗಾಬರಿಯಲ್ಲಿ ಕೇಳಿದರು. ಅಕ್ಕ ಅಳು ನಿಲ್ಲಿಸಲಾಗದೆ, ಕಾರಣವನ್ನೂ ಹೇಳಲಾಗದೆ, ಅವರದೇ ಹಪ್ಪಳ ತಿಂದು ಸಮಾಧಾನ ಮಾಡಿಕೊಂಡಳು. ನಾನೂ ತಿಂದೆ. ಚೆನ್ನಾಗಿತ್ತು.

ಇನ್ನು ನಮ್ಮ ಚಿಕ್ಕಪ್ಪನ ಮಗನ ಮದುವೆಯ ಕತೆ. ಭಾವ ಚಂದ ಫೋಟೋ ತೆಗೆಯುತ್ತಾರೆ ಅಂತ ಯಾರೋ ಅವರ ಕೈಗೆ ಕ್ಯಾಮೆರಾ ಕೊಟ್ಟುಬಿಟ್ಟರು. ತೆಗೆದರು, ಬಹಳ ಚಂದಕ್ಕೇ ತೆಗೆದರು. ಆಮೇಲೆ ಪಂಕ್ತಿಯ ನಡುವೆ ನಿಂತು, ಉಣ್ಣುತ್ತಿದ್ದ ಒಬ್ಬೊಬ್ಬರ ಹತ್ತಿರವೂ ಬಗ್ಗಿ ಕೇಳಿದರು: "ನಿಮ್ಮ್ ಮುಖ ಕುಟುಂಬದ ಗ್ರೂಪಿಗೆ ಹಾಕ್ಲಕ್ಕಾ?" ಕೆಲವರು ಪಾಯಸಕ್ಕೆ ಕೇಳಿದ್ದು ಅಂದುಕೊಂಡು "ಸಾಕು, ಬ್ಯಾಡ" ಅಂದರು. ಅಷ್ಟೇ, ಅವರ ಕತೆ ಮುಗಿಯಿತು! ಮರುದಿನ ಗ್ರೂಪಿಗೆ ಬಂದ ಫೋಟೋದಲ್ಲಿ ಅರ್ಧ ಕುಟುಂಬ ಮಂಜಿನಲ್ಲಿ ಕರಗಿಹೋಗಿತ್ತು. ಮದುಮಗಳು ನಗುತ್ತಿದ್ದಾಳೆ, ಪಕ್ಕದಲ್ಲಿ ಪೇಟ ಕಟ್ಟಿದ ಒಂದು ಮೋಡ.

ಚಿಕ್ಕಮ್ಮ ಫೋನಿನಲ್ಲೇ ಕೂಗಿದರು: "ನನ್ನ ಮಗ ಎಲ್ಲಿ ಮಾರಾಯ್ರೆ?"

"ಹೋಮದ ಹೊಗೆಯಲ್ಲಿ ಮಂತ್ರ ಹೇಳ್ತಾ ಕೂತಿದ್ದ, ಚಿಕ್ಕಮ್ಮ. ಒಪ್ಗಿ ಕೇಂಬುಕ್ ಆಯ್ಲಿಲ್ಲ," ಅಂದರು ಭಾವ. "ಹೆಂಡ್ತಿ ಒಪ್ಪಿದ್ಲ್. ಆದ್ರೆ ಹೆಂಡ್ತಿ ಒಪ್ಪಿದ್ರೆ ಗಂಡ ಒಪ್ಪಿದಾಂಗೆ ಆತಿಲ್ಲೆ."

ಅಷ್ಟಕ್ಕೇ ನಿಂತಿತೇ? ಸಂಶೋಧನೆಯ ಮಾಹಿತಿ ಒಂದೇ ಕಡೆ ಇದ್ದರೆ ಅಪಾಯವಂತೆ. ಒಂದು ಪ್ರತಿ ಕೈಯಲ್ಲಿ, ಇನ್ನೊಂದು ಪಕ್ಕದಲ್ಲಿ, ಮತ್ತೊಂದು ದೂರದ ಊರಿನಲ್ಲಿ ಇರಬೇಕು. ಅಕ್ಕನ ಬಂಗುಡೆ ಸಾರಿನಷ್ಟು ಅಮೂಲ್ಯವಾದದ್ದನ್ನು ಭಾವ ಒಂದೇ ಪಾತ್ರೆಯಲ್ಲಿ ಬಿಡುತ್ತಾರೆಯೇ? ಒಂದು ಪಾಲು ತಮ್ಮ ಫ್ರಿಜ್ಜಿನಲ್ಲಿಟ್ಟರು, ಒಂದು ಪಾಲು ಪಕ್ಕದ ಮನೆಗೆ ಕೊಟ್ಟರು, ಮೂರನೆಯದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕುಂದಾಪುರಕ್ಕೆ, ನನ್ನ ಮನೆಗೆ ಕಳಿಸಿದರು. ಡಬ್ಬಿಯ ಮೇಲೆ ಚೀಟಿ: ಮೀನು ಯಾವುದು, ಅರೆದವರು ಯಾರು (ಸಂಕೇತದಲ್ಲಿ!), ಹುಳಿ ಎಷ್ಟು. ನಾನು ಬಡಪಾಯಿ, ಭಾವನಿಗೆ ನನ್ನ ಮೇಲೆ ಎಷ್ಟು ಪ್ರೀತಿ ಅಂತ ಕಣ್ಣು ಒದ್ದೆ ಮಾಡಿಕೊಂಡು ಪೂರ್ತಿ ಉಂಡೆ. ಸಂಜೆ ಫೋನು ಬಂತು.

"ನಮ್ಮ್ ಮನೇಲಿ ಕರೆಂಟ್ ಹೋಯಿ ಸಾರ್ ಹಳಸ್ತ್. ಪಕ್ಕದ್ಮನೆಯವ್ರದ್ದ್ ಬೆಕ್ಕ್ ತಿಂತ್. ನಿನ್ನದ್ ಇತ್ತಲ್ದಾ?"

"ಉಂಡೆ ಭಾವ. ಭಾರೀ ಲಾಯ್ಕಿತ್ತ್!"

ಆ ಕಡೆಯಿಂದ ಭಾವ ಕೂಗಿದರು: "ಮಾರಾಯ್ತಿ, ನೀನ್ ಬ್ಯಾಕಪ್ ಉಂಡ್ಯಲೇ!"

ಹೊರದೇಶದವರ ಜತೆ ಭಾವನ ವಿಡಿಯೋ ಸಭೆಯನ್ನೂ ಒಮ್ಮೆ ನೋಡಿದ್ದೇನೆ. ರಜೆಯ ದಿನ, ಮಧ್ಯಾಹ್ನ, ಕೋಟದ ಮನೆಯ ಚಾವಡಿಯಲ್ಲಿ. ಚರ್ಚೆ ಏನೆಂದರೆ ನೆಲದಿಂದ ಏಳುವುದು! ರೋಗಿಗೆ ನೆಲದಿಂದ ತಾನಾಗಿ ಏಳಲು ಆಗುತ್ತದೆಯೇ ಅಂತ ಎಲ್ಲ ದೇಶದವರೂ ಬರೆದಿಟ್ಟಿದ್ದಾರೆ. ಆದರೆ ನಾವು ಕೂರುವುದು ಚಕ್ಕಳಮಕ್ಕಳ, ಜಪಾನಿನವರು ಮೊಣಕಾಲೂರಿ. ಡೆನ್ಮಾರ್ಕಿನವರು ನೆಲದ ಮೇಲೆ ಕೂರುವುದೇ ಅಪರೂಪ! ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ? ಭಾವ ಎದ್ದು, ಕ್ಯಾಮೆರಾದ ಎದುರು ಕೂತು ತೋರಿಸಿದರು. ಅತ್ತ ಡೆನ್ಮಾರ್ಕಿನ ಎತ್ತರದ ಪ್ರೊಫೆಸರೂ ಉತ್ಸಾಹದಿಂದ ಚಕ್ಕಳಮಕ್ಕಳ ಹಾಕಿದರು. ಹಾಕಿದ್ದೇನೋ ಆಯಿತು, ಬಿಚ್ಚಲಾಗಲಿಲ್ಲ! ಪರದೆಯ ಕೆಳತುದಿಯಿಂದ ಒಂದು ಕೈ ಮಾತ್ರ ಮೇಲೆ ಬಂದು ಮೇಜನ್ನು ತಡಕಾಡುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಭಾವ ತಿರುಗಿ ಪಿಸುಗುಟ್ಟಿದರು: "ನಗ್ಬೇಡ! ಅವ್ರ ಒಪ್ಗಿ ಇಲ್ಲ!"

ಹೀಗೆ ನಾನು ಈ ಮನುಷ್ಯನ ಬಗ್ಗೆ ಊರಿಡೀ ಕತೆ ಹೇಳಿಕೊಂಡು ಆರಾಮಾಗಿ ನಗುತ್ತಿದ್ದೆ. ಮೊನ್ನೆ ಭಾವ ಕುಂದಾಪುರದಲ್ಲಿ ಬಸ್ಸಿಳಿದು ನಮ್ಮ ಮನೆಗೆ ಬಂದರು. "ನಾವುಂದದಲ್ಲಿ ಒಂಚೂರ್ ಕೆಲ್ಸ ಇತ್ತ್. ಸ್ಕೂಟರಲ್ಲಿ ಬಿಡ್ತ್ಯಾ?" ಯಾರ ಮನೆ ಅಂತ ನಾನು ಕೇಳಲಿಲ್ಲ. ಕೇಳಿ ಪ್ರಯೋಜನವೂ ಇಲ್ಲವಲ್ಲ!

ಹೆದ್ದಾರಿಯಿಂದ ಕೆಳಗಿಳಿದು, ಸಮುದ್ರದ ಕಡೆಗೆ ಹೋಗುವ ಮಣ್ಣು ದಾರಿಯಲ್ಲಿ ಒಂದು ಹೆಂಚಿನ ಮನೆ. ವಯಸ್ಸಾದ ಹೆಂಗಸೊಬ್ಬರು ಜಗಲಿಯಿಂದ ಎದ್ದು ಬಂದರು. ಭಾವನನ್ನು ಕಂಡದ್ದೇ ಮುಖ ಅರಳಿತು.

"ಬಾ ಮಗಾ. ಮತ್ತ್ ಹೊರ್ಟ್ಲಾ?"

ಯಾರು ಹೊರಟದ್ದು? ನನಗೆ ತಲೆಬುಡ ಗೊತ್ತಾಗಲಿಲ್ಲ. ಆ ಅಮ್ಮನೇ ನನ್ನನ್ನು ಕೂರಿಸಿಕೊಂಡು ಹೇಳಿದರು. ಅವರ ಮಗಳಿಗೆ ಆ ಸ್ನಾಯುಗಳ ರೋಗವೇ ಇತ್ತು. ಕೊನೆಯ ವರ್ಷಗಳಲ್ಲಿ ಅಂಗಳ ದಾಟಲೂ ಆಗುತ್ತಿರಲಿಲ್ಲ. ಆದರೂ ಸಂಶೋಧನೆಗೆ ರಕ್ತ ಕೊಟ್ಟಳು, ಪರೀಕ್ಷೆಗೆಲ್ಲ ಕೂತಳು. ತೀರಿಕೊಳ್ಳುವ ಮೊದಲು ಒಪ್ಪಿಗೆಗೆ ಒಂದೇ ಷರತ್ತು ಹಾಕಿದ್ದಳು: ನನ್ನದು ಎಲ್ಲಿಗೆ ಬೇಕಾದರೂ ಹೋಗಲಿ, ಆದರೆ ಪ್ರತಿ ಹೊಸ ದೇಶಕ್ಕೆ ಹೋಗುವಾಗಲೂ ಅಮ್ಮನಿಗೆ ಹೇಳಿ ಹೋಗಲಿ.

"ಬೈಂದೂರ್ ಪ್ಯಾಟಿಗ್ ಹೋಪುಕ್ ಆತಿರ್ಲಿಲ್ಲ ನನ್ ಹೆಣ್ಣಿಗ್," ಅಂದರು ಅಮ್ಮ. "ಈಗ ಡೆನ್ಮಾರ್ಕಿಗ್ ಹೋಯ್ತ್, ಜಪಾನಿಗ್ ಹೋಯ್ತ್. ಈ ಸಲ ಎಲ್ಲಿಗ್ ಮಗಾ?"

"ಬ್ರೆಜಿಲಿಗ್, ಅಮ್ಮ."

"ದೂರವಾ?"

"ಹೌದ್. ಸುಮಾರ್ ದೂರ."

"ಅಲ್ಲ್ ಅನ್ನ ಸಿಕ್ಕತ್ತಾ?"

ನಾನು ಭಾವನ ಮುಖ ನೋಡಿದೆ. ಹೋಗುವುದು ಮಗಳಲ್ಲ, ಸಂಕೇತ ಹಾಕಿದ ಒಂದು ಫೈಲು ಅಂತ ಈಗ ಶುರು ಮಾಡುತ್ತಾರೆ ಅಂದುಕೊಂಡೆ. ಬಂಗುಡೆ ಸಾರಿಗೂ ಚೀಟಿ ಅಂಟಿಸುವ ಮನುಷ್ಯ ಅಲ್ಲವೇ!

"ಸಿಕ್ಕತ್ತ್ ಅಮ್ಮ," ಅಂದರು ಭಾವ. "ಅಲ್ಲಿಯವ್ರೂ ದಿನಾ ಅನ್ನವೇ ಉಂಬುದ್. ಚಳಿಯೂ ಇಲ್ಲ, ನಮ್ಮೂರಾಂಗೇ."

ಹೇಳಿದ್ದಕ್ಕೆ ಗುರುತಾಗಿ ಭಾವ ಮುಂದಿಟ್ಟ ಕಾಗದಕ್ಕೆ ಅಮ್ಮ ನಿಧಾನಕ್ಕೆ ರುಜು ಹಾಕಿದರು. ಗೇಟಿನವರೆಗೂ ಬಂದು ನಿಂತರು. "ಮುಟ್ಟಿದ್ ಕೂಡ್ಲೆ ಹೇಳ್, ಆತಾ?"

ವಾಪಸು ಬರುವಾಗ ಮರವಂತೆಯ ಗಾಳಿಯಲ್ಲಿ ನಾನು ಕೂಗಿ ಕೇಳಿದೆ: "ಭಾವ, ಫೋನಲ್ಲಿ ಹೇಳಿ ಕಾಗ್ದ ಪೋಸ್ಟಲ್ಲಿ ಕಳ್ಸಿದ್ರೂ ಆತಿತ್ತಲ್ದಾ?"

"ಆತಿತ್ತ್," ಅಂದರು ಅಷ್ಟೇ.

ಆ ವಾರದ ಕೊನೆಗೆ ನಾನು ಕೋಟಕ್ಕೆ ಹೋಗಿದ್ದೆ. ಭಾವ ಕಂಪ್ಯೂಟರಿನ ಎದುರು ಕೂತಿದ್ದರು. ಬ್ರೆಜಿಲಿನಿಂದ ಎರಡು ಸಾಲಿನ ಉತ್ತರ ಬಂದಿತ್ತು, ಫೈಲು ಸರಿಯಾಗಿ ತಲುಪಿದೆ ಅಂತ. ಭಾವ ಅದನ್ನು ಒಮ್ಮೆ ಓದಿದರು, ಕನ್ನಡಕ ತೆಗೆದು ಒರೆಸಿಕೊಂಡರು, ಫೋನು ಹಿಡಿದು ಅಂಗಳಕ್ಕೆ ಹೋದರು. ಕಿಟಕಿಯಿಂದ ಅವರ ದನಿ ಕೇಳುತ್ತಿತ್ತು.

"ಅಮ್ಮ, ನಾನ್. ಹ್ಞಾಂ, ಮುಟ್ಟಿದ್ಲಂಬ್ರ್. ಈಗಷ್ಟೇ ಸುದ್ದಿ ಬಂತ್. ಎಂತ ತೊಂದ್ರೆ ಆಯ್ಲಿಲ್ಲಂಬ್ರ್ ದಾರೀಲಿ."