ಮೂರು ಊರಿನ ಕೈಗುಣ

ನನಗೆ ವಯಸ್ಸಾಗಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ನಾನು ಬಲು ನಿಧಾನ. ಬೇರೆಯವರ ವಿಷಯದಲ್ಲಿ ಮಾತ್ರ ನೋಡಿದ ಕೂಡಲೇ ತೀರ್ಪು ಕೊಟ್ಟುಬಿಡುತ್ತೇನೆ. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರದ ನಮ್ಮ ಮನೆಗೆ ಬಂದಿದ್ದ ಅಕ್ಕ, ಒಂದು ಬೆಳಿಗ್ಗೆ ಅವರೆಕಾಯಿ ಸುಲಿದು ಎದ್ದವಳು, ಮೊದಲು ಗೋಡೆಗಾಗಿ ಕೈ ಚಾಚಿದಳು, ಆಮೇಲೆ ಮಂಡಿ ಮಡಿಸಿದಳು, ಕೊನೆಗೆ ಸಿಪ್ಪೆಯ ರಾಶಿಯ ಮೇಲೆ ಮೆಲ್ಲಗೆ ಕುಳಿತಳು. ಬಿದ್ದಳು ಎನ್ನುವುದು ಸರಿಯಲ್ಲ, ಇಳಿದಳು ಎನ್ನಬೇಕು. ನನ್ನ ಕೈಯ ಕಾಫಿ ಲೋಟ ಮಾತ್ರ ನಿಜವಾಗಿಯೂ ಬಿತ್ತು.

"ವಯಸ್ಸಾಯ್ತಲ್ಲೋ, ತಲೆ ತಿರುಗದೆ ಇನ್ನೇನು ತಿರುಗತ್ತೆ?" ಎಂದಳು.

"ಹಾಗಾದ್ರೆ ಇನ್ಮೇಲೆ ಒಬ್ಳೇ ಬಸ್ ಹತ್ಬೇಡ" ಎಂದೆ.

ಅಕ್ಕನ ಮುಖ ಸಣ್ಣದಾಯಿತು. ಕಿಟಕಿ ಪಕ್ಕದ ಸೀಟು ಹಿಡಿದು, ಪಕ್ಕದವಳ ಜೊತೆ ತೆಲುಗಿನಲ್ಲಿ ಹರಟುತ್ತ ಊರಿಂದೂರಿಗೆ ಓಡಾಡುವುದೇ ಅವಳಿಗಿದ್ದ ರಾಜ್ಯ. ಅದನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಿದ್ದೆ.

ನಮ್ಮ ಮನೆತನದಲ್ಲಿ ನೆಂಟರಿಗೆ ಊಟ ಹಾಕಿದರೆ ಸಾಲದು, ನಮ್ಮ ಡಾಕ್ಟರ ಕೈಗುಣವನ್ನೂ ಬಡಿಸಬೇಕು. ಆ ಪ್ರಕಾರ ನಾನೂ ಅವಳನ್ನು ಕರೆದೊಯ್ದೆ. ನಮ್ಮ ಡಾಕ್ಟರಮ್ಮ ಮಲಗಿಸಿ ಬಿ.ಪಿ. ನೋಡಿದರು, ನಿಲ್ಲಿಸಿ ಇನ್ನೊಮ್ಮೆ ನೋಡಿದರು. ನಿಂತಾಗ ಅದು ಜರ್ರನೆ ಇಳಿದಿತ್ತು. "ಏನೇನು ಮಾತ್ರೆ ತಗೋತೀರಮ್ಮ? ಎಲ್ಲಾ ತೋರಿಸಿ" ಎಂದರು.

ಅಕ್ಕ ಕೈಚೀಲದಿಂದ ಚಿಂತಾಮಣಿ ಡಾಕ್ಟರು ಕೊಟ್ಟ ಬಿ.ಪಿ. ಮಾತ್ರೆ ತೆಗೆದಳು. ಅದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟಳು. ಅದು ಗೌರಿಬಿದನೂರಿನ ನಮ್ಮ ತಮ್ಮ ಇಂಥದ್ದೇ ಉಪಚಾರ ಮಾಡಿದಾಗ ಅವನ ಡಾಕ್ಟರು ಬರೆದದ್ದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಔಷಧಿ ಒಂದೇ.

"ಎರಡೂ ನುಂಗ್ತಿದ್ದೀರಾ? ಒಬ್ಬರದ್ದು ಇನ್ನೊಬ್ಬರಿಗೆ ಹೇಳಲಿಲ್ವಾ?"

"ಇಬ್ರೂ ಒಳ್ಳೇ ಡಾಕ್ಟ್ರು ಕಣಮ್ಮ. ಹೇಳಿದ್ರೆ ಬೇಜಾರು ಮಾಡ್ಕೊಳಲ್ವಾ?"

ಡಾಕ್ಟರಮ್ಮ ನಗು ತಡೆದುಕೊಂಡರು. ವಯಸ್ಸಾದ ಮೈ ಔಷಧಿಯನ್ನು ಬೇಗ ಹೊರಹಾಕುವುದಿಲ್ಲವಂತೆ. ಅದರ ಮೇಲೆ ಇದು ಜೋಡಿ ಮಾತ್ರೆ. ಒಂದನ್ನು ನಿಲ್ಲಿಸಿ, "ಇದು ಬರೀ ವಯಸ್ಸಲ್ಲಮ್ಮ, ಮಾತ್ರೆ ಕೆಲಸ" ಎಂದರು. ನನಗೆ ಇಷ್ಟು ವರ್ಷ ಎಲ್ಲರೂ ವಯಸ್ಸಿನ ತಲೆಗೆ ಕಟ್ಟಿದ ಆರೋಪಗಳನ್ನೆಲ್ಲ ಮತ್ತೆ ವಿಚಾರಣೆಗೆ ತೆಗೆದುಕೊಳ್ಳಬೇಕೆಂದು ಉತ್ಸಾಹ ಉಕ್ಕಿತು. ಮನೆಗೆ ಹೋಗುತ್ತ ದಾರಿಯಲ್ಲಿ ಸಿಕ್ಕವರಿಗೆಲ್ಲ ನಾನೇ ಕಂಡುಹಿಡಿದವನಂತೆ ವಿವರಿಸಿದೆ.

ಮುಂದಿನ ವಾರ ಮತ್ತೆ ತೋರಿಸಲು ಹೋದೆವು. ನಿಂತರೂ ಬಿ.ಪಿ. ಅಲುಗಲಿಲ್ಲ. "ಬಸ್ಸು?" ಎಂದು ಅಕ್ಕ ಮೆಲ್ಲಗೆ ಕೇಳಿದಳು. "ಧಾರಾಳವಾಗಿ ಹೋಗಿ ಬನ್ನಿ" ಎಂದರು ಡಾಕ್ಟರಮ್ಮ. ಅಕ್ಕ ಆಗಲೇ ಚೀಲ ಹೆಗಲಿಗೇರಿಸಿದಳು.

ನಾನು ಮುಂದಕ್ಕೆ ಬಾಗಿದೆ. "ಡಾಕ್ಟ್ರೇ, ನನಗೂ ಮಂಡಿ ಕಟಕಟ ಅನ್ನತ್ತೆ, ಕನ್ನಡಕ ಎಲ್ಲಿಟ್ಟೆ ಅಂತ ಮರೆಯತ್ತೆ. ಇದೂ ಮಾತ್ರೆಯಿಂದಾನೇ ಅಲ್ವಾ?"

"ನೀವು ಯಾವ ಮಾತ್ರೆ ತಗೋತೀರಿ?"

"ಯಾವುದೂ ಇಲ್ಲ" ಎಂದೆ, ಹೆಮ್ಮೆಯಿಂದಲೇ.

ಡಾಕ್ಟರಮ್ಮ ಮೇಜಿನ ಮೇಲಿನ ಪೆನ್ನನ್ನು ನೋಡತೊಡಗಿದರು. ಉತ್ತರ ಕೊಟ್ಟವಳು ಅಕ್ಕ.

"ಹುಷಾರು ಕಣಪ್ಪ. ಇನ್ಮೇಲೆ ನೀನು ಒಬ್ನೇ ಬಸ್ ಹತ್ಬೇಡ."