ಚಂಪಾ ಆನೆಗೆ ಉಡಿ ತುಂಬಿದ್ದು

ನಾನು ಸಿಟ್ಟಿನ ಮನುಷ್ಯನಲ್ಲ. ಸಿಟ್ಟಿನವನು ಎಂದು ಯಾರಾದರೂ ಅಂದರೆ ಮಾತ್ರ ಮೈಯೆಲ್ಲ ಉರಿಯುತ್ತದೆ.

ಏಕೀಕರಣವಾಗಿ ಒಂದೆರಡು ವರ್ಷವಾಗಿತ್ತು. ನಾನು ಗೋಕಾಕದ ಬೆಲ್ಲದ ಅಂಗಡಿಯೊಂದರಲ್ಲಿ ಗುಮಾಸ್ತ. ಹೆರಿಗೆಗೆಂದು ಹುಕ್ಕೇರಿಯ ತವರಿಗೆ ಹೋದ ಹೆಂಡತಿ ಶಾಂತಾ, ಕೂಸಿಗೆ ಐದು ತಿಂಗಳು ತುಂಬಿದರೂ ಬಂದಿರಲಿಲ್ಲ. ಬರಲಿಲ್ಲ ಎನ್ನುವುದಕ್ಕಿಂತ ಅತ್ತೆ ನೀಲವ್ವ ಕಳಿಸಲಿಲ್ಲ ಎನ್ನಬೇಕು. "ಅಳಿಯಾರು ಮಾತಿನ್ಯಾಗ ಅರಮನಿ ಕಟ್ತಾರ. ನಾನ ಬಂದು ನೋಡ್ತೀನಿ. ಮನಸಿಗೆ ಬಂದ್ರ ಮಗಳನ್ನ ಬಿಟ್ಟ ಬರ್ತೀನಿ, ಇಲ್ಲಾಂದ್ರ ಹೊಳ್ಳಿ ಕರಕೊಂಡ ಬರ್ತೀನಿ" ಎಂದು ಹೇಳಿಕಳಿಸಿದ್ದರು.

ಅದೇ ವಾರ ಊರಿಗೆ ಸರ್ಕಸ್ ಬಂತು. ಅದರ ಮಾವುತ ರಾಜೇಸಾಬ ಆನೆಗೆ ಬೆಲ್ಲ ಒಯ್ಯಲು ದಿನಾ ನಮ್ಮ ಅಂಗಡಿಗೆ ಬರುತ್ತಿದ್ದ. ನಾನು ತಕ್ಷಣ ಅತ್ತೆಗೆ ಕಾರ್ಡು ಬರೆದೆ: 'ಸರ್ಕಸ್ಸಿನವರೆಲ್ಲ ನನ್ನ ಕೈಯೊಳಗಿನವರು. ಊರವರು ದೂರದಿಂದ ನೋಡುವ ಆನೆಯನ್ನು ತಮಗೆ ತಂಬುವಿನ ಹಿಂದೆ, ಮುಟ್ಟುವಷ್ಟು ಹತ್ತಿರದಿಂದ ತೋರಿಸಲಾಗುವುದು.' ತೋರಿಸಲಾಗುವುದು ಎಂದು ಬರೆದಾಗ ನನಗೇ ನನ್ನ ಮೇಲೆ ಗೌರವ ಬಂತು.

ರಾಜೇಸಾಬ ಒಪ್ಪಿದ. ಒಂದೇ ಒಂದು ಕರಾರು ಹಾಕಿದ.

"ಆಟ ಮುಗಿಯೋತನಾ ಏನೂ ತಿನಸಬ್ಯಾಡ್ರಿ ಸಾಹೇಬ್ರ. ಚಂಪಾ ಬೆಲ್ಲದ ಆಸೇಕ ಕುಂಡ್ರತಾಳ, ಬೆಲ್ಲದ ಆಸೇಕ ಏಳತಾಳ. ಹೊಟ್ಟಿ ತುಂಬಿದ್ರ ಯಾರ ಮಾತೂ ಕೇಳಾಂಗಿಲ್ಲ. ಆಮ್ಯಾಲೆ ಮಾಲಕ ನನ್ನ ನೌಕರಿ ತೆಗೀತಾನ."

"ಇದನ್ನ ನನಗ ಹೇಳಾಕ ಬರಬ್ಯಾಡ. ನಾನು ಓದಿದಾಂವ" ಎಂದೆ.

ಭಾನುವಾರ ಮಧ್ಯಾಹ್ನ ಹುಕ್ಕೇರಿಯ ಬಸ್ಸಿನಿಂದ ಶಾಂತಾ, ಕೂಸು, ಅತ್ತೆ ಇಳಿದರು. ಅತ್ತೆಯ ಜೊತೆ ಬುತ್ತಿಯ ಬುಟ್ಟಿಯೂ ಇಳಿಯಿತು. ಬಾಣಂತನ ಮುಗಿದ ಮಗಳನ್ನು ಗಂಡನ ಮನೆಗೆ ಬಿಡುವಾಗ ಓಣಿಗೆಲ್ಲ ಹಂಚಲು ತರುವ ಹೋಳಿಗೆ, ಉಂಡಿ, ಕರ್ಚಿಕಾಯಿಗಳ ಬುಟ್ಟಿ ಅದು. ಬುಟ್ಟಿ ಬಂದಿದೆ ಎಂದರೆ ಮಗಳನ್ನು ಬಿಡುವ ಮನಸ್ಸಿದೆ ಎಂದೇ ಅರ್ಥ. ಇನ್ನು ಕೆಡಿಸಲು ನಾನೊಬ್ಬನೇ ಉಳಿದಿದ್ದೆ.

"ಮದಲ ಮನೀಗೆ ಹೋಗೂಣ್ರಿ, ಕೂಸಿಗೆ ಬಿಸಲ ಬಡದೈತಿ" ಎಂದಳು ಶಾಂತಾ. ಹೊತ್ತಾಗುತ್ತದೆಂದು ಅವಳ ಮೇಲೆ ರೇಗಿ, ಎಲ್ಲರನ್ನೂ ನೇರ ತಂಬುವಿನ ಹಿಂದಕ್ಕೆ ನಡೆಸಿದೆ.

ರಾಜೇಸಾಬ ಚಂಪಾಳ ಹಣೆಗೆ ಬಣ್ಣ ಬಳಿಯುತ್ತಿದ್ದ. ಅತ್ತೆ ಆನೆಯನ್ನು ಮೇಲಿಂದ ಕೆಳಗೆ ನೋಡಿದರು.

"ಹೆಣ್ಣೇನು?"

"ಹೌದ್ರಿ ಅವ್ವಾರ."

"ತವರ ಎಲ್ಲಿ?"

ರಾಜೇಸಾಬ ತಬ್ಬಿಬ್ಬಾದ. "ಎಲ್ಲೋ ಅಡವಿ ರಿ."

"ಅಯ್ಯ ಶಿವನ, ಹೆಣಮಗಳು ನಮ್ಮ ಕಡೆ ಬಂದಾಳ. ಬರೇ ಉಡೀಲೆ ಹ್ಯಾಂಗ ಕಳಸೂದು?"

ಬಂದ ಹೆಣ್ಣುಮಗಳ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬಿ ಕಳಿಸುವುದು ನಮ್ಮ ಪದ್ಧತಿ. ಆನೆಗೆ ಸೆರಗೆಲ್ಲಿ ಎಂಬ ಪ್ರಶ್ನೆ ಅತ್ತೆಗೆ ಬರಲೇ ಇಲ್ಲ. ಆಟ ಮುಗಿಯಲಿ ಎಂದು ರಾಜೇಸಾಬ ಕೈಮುಗಿದ. ಅತ್ತೆ ನನ್ನ ಕಡೆ ತಿರುಗಿದರು.

"ಎಲ್ಲಾರೂ ನಿಮ್ಮ ಕೈಯಾಗ ಅದಾರ ಅಂತ ಬರದಿದ್ರೆಲ್ಲಾ ಅಳಿಯಾರ?"

ಎಂಥ ಸಿಟ್ಟು ಬಂತು ನನಗೆ. ಯಃಕಶ್ಚಿತ್ ಬೆಲ್ಲದ ಗಿರಾಕಿಯೊಬ್ಬ ಅತ್ತೆಯ ಎದುರು ನನ್ನ ಮರ್ಯಾದೆ ತೆಗೆಯುವುದೆ? ಆನೆಯ ಬೆನ್ನಿಗೆ ಹಾಕುವ ಜರಿಬಟ್ಟೆ ತರಲು ಅವನು ಒಳಗೆ ಹೋದದ್ದೇ ತಡ, "ಒಂದ ಹೋಳಿಗಿ ಕೊಡ್ರಿ, ಲಗೂನ" ಎಂದೆ.

ಒಂದನ್ನು ಅತ್ತೆ ಕೊಟ್ಟರು. ಎರಡನೆಯದನ್ನು ಚಂಪಾ ತಾನೇ ತೆಗೆದುಕೊಂಡಳು. ಆಮೇಲೆ ಬುಟ್ಟಿಯನ್ನೇ ಎಳೆದುಕೊಂಡಳು. ನಾನು ಇನ್ನೊಂದು ಕಡೆ ಹಿಡಿದು ಜಗ್ಗಿದೆ. ಕಾಲು ನೆಲ ಬಿಟ್ಟಾಗ ಬುಟ್ಟಿ ಬಿಟ್ಟೆ. ಹೋಳಿಗೆ ಹೋದವು, ಉಂಡಿ ಹೋದವು, ಬುಟ್ಟಿಯೂ ಅರ್ಧ ಹೋಯಿತು. "ತಿನ್ನವ್ವಾ, ಹಸದೀದಿ" ಎಂದು ಅತ್ತೆ ಕಣ್ಣೊರೆಸಿಕೊಂಡರು. ಇಷ್ಟು ಪ್ರೀತಿಯಿಂದ ನನಗೆ ಅವರು ಎಂದೂ ಬಡಿಸಿರಲಿಲ್ಲ. ಉಳಿದ ಅರ್ಧ ಬುಟ್ಟಿಯನ್ನು ನಾನು ಹುಲ್ಲಿನೊಳಗೆ ತುರುಕಿಬಿಟ್ಟೆ.

ಮೂರು ಗಂಟೆಗೆ ಆಟ. ನಾವು ಮುಂದಿನ ಬೆಂಚಿನಲ್ಲಿ. ಚಂಪಾ ಗಂಭೀರವಾಗಿ ಬಂದಳು. ರಾಜೇಸಾಬ ಸ್ಟೂಲು ತಟ್ಟಿ ಬೆಲ್ಲ ತೋರಿಸಿದ. ಚಂಪಾ ಮೂಸಿ ನೋಡಿ ಮುಖ ತಿರುಗಿಸಿದಳು. "ಕುಂಡ್ರವ್ವಾ, ನನ್ನವ್ವಾ" ಎಂದು ಅವನು ಅಂಗಲಾಚಿದ. ಜನ ಸೀಟಿ ಹೊಡೆದರು. ಚಂಪಾ ನಿಧಾನವಾಗಿ ನಮ್ಮ ಬೆಂಚಿನ ಕಡೆ ನಡೆದು ಬಂದು, ಇನ್ನೇನಾದರೂ ಇದೆಯೇ ಎಂದು ಅತ್ತೆಯ ಸೆರಗಿನಲ್ಲಿ ಸೊಂಡಿಲಿಟ್ಟಳು. ಸುತ್ತಲಿನವರು ಎದ್ದು ಓಡಿದರು. ಬೆಂಚು ಮಗುಚಿತು. ಅದರಡಿ ನಾನಿದ್ದೆ.

ಮಾಲಕ ಬಂದು ರಾಜೇಸಾಬನ ಕೊರಳಪಟ್ಟಿ ಹಿಡಿದ. "ಯಾರ್ನ ಒಳಗ ಬಿಟ್ಟಿದ್ದಿ? ಹೇಳು, ಇಲ್ಲಾ ಗಂಟು ಕಟ್ಟು."

ರಾಜೇಸಾಬ ಹೇಳಲಿಲ್ಲ. ನನ್ನ ಮುಖ ನೋಡಿದ, ಅಷ್ಟೆ. ಮಾಲಕನೂ ನನ್ನ ಕಡೆ ತಿರುಗಿದ. "ಇಂವಾ ನಿಮಗ ಗುರುತೇನು?"

ನಾನು ಬಾಯಿ ತೆರೆಯಬೇಕಾದ ಹೊತ್ತು ಅದು. ತೆರೆದೆ. "ಇವನ್ನ ಈ ಜನ್ಮದಾಗ ನೋಡಿಲ್ಲ" ಎಂದು ರೇಗಿದೆ.

ಅತ್ತೆ ಎದ್ದು ನಿಂತರು. "ತಿನಿಸಿದಾಕಿ ನಾನು. ಕೊಡ್ರಿ ಅಂದಾಂವ ನನ್ನ ಅಳಿಯ. ಮಾವುತ ಪಾಪ ಕೈಮುಗದು ಬ್ಯಾಡ ಅಂದಿದ್ದ. ಅಂವನ್ನ ಬಿಡು."

ಮಾಲಕ ಕೊರಳಪಟ್ಟಿ ಬಿಟ್ಟ. ರಾಜೇಸಾಬನ ನೌಕರಿ ಉಳಿಯಿತು. ನನ್ನ ಅಂಗಿ ಕೊಡವಿದವನೂ ಅವನೇ.

ಹೊರಗೆ ಬಂದ ಅತ್ತೆ, ಶಾಂತಾ ಇಬ್ಬರೂ ಮನೆಯ ದಾರಿ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು. ದಾರಿಯುದ್ದಕ್ಕೂ ನಾನು ಆನೆಯನ್ನು ಬೈದೆ, ಮಾವುತನನ್ನು ಬೈದೆ, ಹೋಳಿಗೆಯನ್ನೂ ಬೈದೆ. ಶಾಂತಾ ಕೂಸನ್ನೆತ್ತಿಕೊಂಡು ಬಸ್ಸು ಹತ್ತಿ ಕೂತಳು.

"ಒಂದ ಆನೀ ಸಲುವಾಗಿ ಮನಿ ಬಿಟ್ಟ ಹೊಂಟಿಯೇನ?" ಎಂದೆ.

"ಆನೀ ಸಲುವಾಗಿ ಅಲ್ರಿ. ಒಂದ ಹೊತ್ತ ಹಾಕಿದ್ದಕ್ಕ ಆನೀಗೆ ನಮ್ಮವ್ವನ ಗುರುತ ಹತ್ತಿತು. ದಿನಾ ಅಂಗಡೀಗೆ ಬರೂ ಮನುಷ್ಯಾನ ಗುರುತ ನಿಮಗ ಹತ್ತಲಿಲ್ಲ. ನನಗ ಕಷ್ಟ ಬಂದ ದಿನ ನನ್ನ ಗುರುತ ಹತ್ತತೈತಿ ಅಂತ ಹ್ಯಾಂಗ ನಂಬ್ಲಿ?"

ಬಸ್ಸು ಹುಕ್ಕೇರಿಯ ಕಡೆ ಹೊರಟಿತು. ಸ್ಟ್ಯಾಂಡಿನಲ್ಲಿ ನಾನೊಬ್ಬನೇ ಉಳಿದೆ, ಮೈಯೆಲ್ಲ ಉರಿಯುತ್ತಿತ್ತು. ಜನ್ಮದಲ್ಲಿ ಮೊದಲ ಸಲ ನನ್ನ ಸಿಟ್ಟು ಸರಿಯಾದ ಮನುಷ್ಯನ ಮೇಲೆ ಬಂದಿತ್ತು.